ಎಂಜಿನ್ ಬದಲಿಸಿದ ಹಳೇ ಸ್ಪೋರ್ಟ್ಸ್ ಕಾರು ಹೀಟ್ ಆಗುತ್ತಿದೆಯೇ? ಹೊಸ ರೇಡಿಯೇಟರ್ ಕೊಳ್ಳುವ ಮುಂಚೆ ಮಾಡಬೇಕಾದ ಪತ್ತೆ

ಹಳೇ ಕಾರಿಗೆ ದೊಡ್ಡ ಎಂಜಿನ್ ಕೂರಿಸಿ, ಗಾಡಿ ಹೀಟ್ ಆಗತೊಡಗಿದರೆ ಗ್ಯಾರೇಜಿನಲ್ಲಿ ಮೊದಲು ಬರುವ ಮಾತು ‘ರೇಡಿಯೇಟರ್ ಸಾಲದು, ನಾಲ್ಕು ಸಾಲು ಕೊಳವೆಯದು ಹಾಕಿಸಿ’. ಹಾಕಿಸುತ್ತಾರೆ, ಆದರೂ ತಾಪದ ಮೀಟರಿನ ಮುಳ್ಳು ಕೆಂಪಿಗೇ ಹೋಗುತ್ತದೆ. ಕಾರಣ ಸರಳ. ಎಂಜಿನ್ ಬದಲಿಸುವಾಗ ರೇಡಿಯೇಟರ್ ಒಂದೇ ಬದಲಾಗುವುದಿಲ್ಲ. ಪಂಪು, ಬೆಲ್ಟ್ ಸುತ್ತುವ ದಾರಿ, ಹೋಸುಗಳ ತಿರುವು, ಫ್ಯಾನಿನ ಜಾಗ, ಸೆಂಡರ್ (ನೀರಿನ ತಾಪವನ್ನು ಮೀಟರಿಗೆ ತಿಳಿಸುವ ಭಾಗ), ಕೊನೆಗೆ ನೀರಿನ ಅತಿ ಎತ್ತರದ ಬಿಂದು ಎಲ್ಲಿದೆ ಎಂಬುದೂ ಬದಲಾಗುತ್ತದೆ. ಇವುಗಳಲ್ಲಿ ಯಾವುದು ತಪ್ಪಿದ್ದರೂ ಹೊರಗೆ ಕಾಣುವ ಲಕ್ಷಣ ಒಂದೇ. ಹಾಗಾಗಿ ಅಳತೆ ಮೊದಲು, ಖರೀದಿ ಆಮೇಲೆ.

ಮಾತಿಗೊಂದು ಉದಾಹರಣೆ ಇರಲಿ. ಸ್ಟ್ಯಾಂಡರ್ಡ್ ಹೆರಾಲ್ಡ್ ಅಥವಾ ಅದೇ ಚಾಸಿಯ ಸಂಬಂಧಿ ಟ್ರಯಂಫ್ ಸ್ಪಿಟ್‌ಫೈರ್‌ಗೆ ಮಾರುತಿ ಜಿಪ್ಸಿಯ, ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಇರುವ 1298 ಸಿಸಿ ಎಂಪಿಎಫ್‌ಐ ಎಂಜಿನ್ ಕೂರಿಸಿದ್ದೀರಿ ಎನ್ನೋಣ. ಹೆರಾಲ್ಡ್‌ನ ಮೂಲ 948 ಸಿಸಿ ಎಂಜಿನ್ನಿನ ಶಕ್ತಿ 35 ಬಿಎಚ್‌ಪಿ ಆಸುಪಾಸು, ಹೊಸದರದ್ದು 80. ಪೂರ್ತಿ ಆಕ್ಸಿಲರೇಟರ್‌ನಲ್ಲಿ ಪೆಟ್ರೋಲ್ ಎಂಜಿನ್ ಚಕ್ರಕ್ಕೆ ಎಷ್ಟು ಶಕ್ತಿ ಕೊಡುತ್ತದೋ ಹೆಚ್ಚುಕಡಿಮೆ ಅಷ್ಟನ್ನೇ ನೀರಿಗೂ ಶಾಖವಾಗಿ ಸುರಿಯುತ್ತದೆ. ಅಂದರೆ ಸುಮಾರು 26 ಕಿಲೋವ್ಯಾಟ್ ಇದ್ದದ್ದು 60ಕ್ಕೆ ಏರಬಹುದು. ಆದರೆ ಪೂರ್ತಿ ಆಕ್ಸಿಲರೇಟರ್ ಒತ್ತಿಕೊಂಡು ಯಾರೂ ಮೈಸೂರಿನಿಂದ ಮಂಡ್ಯದವರೆಗೆ ಹೋಗುವುದಿಲ್ಲ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಇಂಥ ಹಗುರ ಕಾರಿಗೆ ಬೇಕಾಗುವುದು 20 ಕಿಲೋವ್ಯಾಟ್‌ಗೆ ಸ್ವಲ್ಪ ಮೇಲೆ. ಅದು ಮೂಲ ರೇಡಿಯೇಟರ್ ಕಂಡಿದ್ದ 26ಕ್ಕೆ ಹತ್ತಿರ; ಹಾಗಾಗಿ ಅದು ಊರೊಳಗೆ ಸಾಕಾಗಿ, ಹೆದ್ದಾರಿಯಲ್ಲಿ ವೇಗ ಇನ್ನೂ ಏರಿಸಿದರೆ ಸಾಲದಿರುವುದು ಸಹಜ. ಊರೊಳಗೇ ಹೀಟ್ ಆದರೆ ಮಾತ್ರ ರೇಡಿಯೇಟರ್‌ನ ಗಾತ್ರವನ್ನು ಅನುಮಾನಿಸುವುದು ಕೊನೆಗಿರಲಿ.

ಮೀಟರ್ ಹೇಳುತ್ತಿರುವುದು ನಿಜವೇ

ಹಳೇ ಬ್ರಿಟಿಷ್ ಕಾರುಗಳ ಬೈಮೆಟಲ್ ಮೀಟರ್‌ಗಳು 10 ವೋಲ್ಟ್ ಸ್ಟೆಬಿಲೈಜರ್‌ನಿಂದ ನಡೆಯುತ್ತವೆ, ತಮ್ಮದೇ ಸೆಂಡರ್‌ನ ರೆಸಿಸ್ಟೆನ್ಸಿಗೆ ಹೊಂದಿರುತ್ತವೆ. ಹೊಸ ಎಂಜಿನ್ನಿನ ಸೆಂಡರ್‌ಗೆ ಹಳೇ ಮೀಟರ್ ಜೋಡಿಸಿದರೆ 85 ಡಿಗ್ರಿಗೇ ಮುಳ್ಳು ಕೆಂಪಿಗೆ ಏರಬಹುದು, ಇಲ್ಲವೇ 110 ಆದರೂ ಮಧ್ಯದಲ್ಲೇ ನಿಲ್ಲಬಹುದು. ಎರಡನೆಯದು ಎಂಜಿನ್ನಿನ ಹೆಡ್ (ಸಿಲಿಂಡರುಗಳ ಮೇಲಿನ ಭಾಗ) ತಿನ್ನುತ್ತದೆ. ಸ್ಟೆಬಿಲೈಜರ್ ಕೆಟ್ಟು 12 ವೋಲ್ಟ್ ನೇರವಾಗಿ ಹೋಗುತ್ತಿದ್ದರೂ ಮುಳ್ಳು ಮೇಲಕ್ಕೇ ಓಡುತ್ತದೆ. ಆಗ ಪೆಟ್ರೋಲ್ ಮೀಟರ್ ಕೂಡ ಜಾಸ್ತಿ ತೋರಿಸುವುದರಿಂದ ಪತ್ತೆ ಸುಲಭ. ಪರಿಹಾರ: ಹಳೇ ಮೀಟರ್‌ಗೆ ಅದರದ್ದೇ ಸೆಂಡರ್ ಇರಲಿ, ಲೇತ್‌ನಲ್ಲಿ ಹಿತ್ತಾಳೆಯ ಬುಷ್ ಮಾಡಿಸಿ ಥ್ರೆಡ್ ಹೊಂದಿಸಿ ಕೂರಿಸಿ. ಇಸಿಯು (ಎಂಜಿನ್ನಿನ ಕಂಪ್ಯೂಟರ್) ನೋಡುವ ಸೆನ್ಸರ್ ಅದರ ಜಾಗದಲ್ಲೇ ಪ್ರತ್ಯೇಕ ಇರಬೇಕು. ಸೆಂಡರ್‌ಗೆ ಟೆಫ್ಲಾನ್ ಟೇಪ್ ಮೂರು ಸುತ್ತು ಸುತ್ತಿದರೆ ಅರ್ತ್ ಹೋಗುತ್ತದೆ, ಮೀಟರ್ ಕಡಿಮೆ ತೋರಿಸುತ್ತದೆ.

ನಿಜವಾದ ತಾಪ ತಿಳಿಯಲು ಕೆ-ಟೈಪ್ ಪ್ರೋಬ್ (ತುದಿಯಲ್ಲಿ ತಾಪ ಅಳೆಯುವ ವೈರ್) ಇರುವ ಮಲ್ಟಿಮೀಟರ್ ಒಳ್ಳೆಯದು. ಪ್ರೋಬ್ ತುದಿಯನ್ನು ಥರ್ಮೋಸ್ಟಾಟ್ (ನೀರು ಬಿಸಿಯಾದ ಮೇಲೆ ರೇಡಿಯೇಟರ್ ದಾರಿ ತೆರೆಯುವ ವಾಲ್ವ್) ಹೌಸಿಂಗ್‌ಗೆ ಒತ್ತಿ, ಮೇಲೆ ಬಟ್ಟೆ ಇಟ್ಟು ಟೇಪ್ ಸುತ್ತಿ. ಇನ್‌ಫ್ರಾರೆಡ್ ಗನ್ ಬಳಸುವುದಾದರೆ ಹೊಳೆಯುವ ಅಲ್ಯೂಮಿನಿಯಂ ಮೇಲೆ ನೇರ ಹಿಡಿಯಬೇಡಿ. ಹೊಳಪಿನ ಲೋಹ ಇರುವುದಕ್ಕಿಂತ ತುಂಬ ಕಡಿಮೆ ತೋರಿಸುತ್ತದೆ. ಅಲ್ಲಿ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ, ಟೇಪಿನ ಮೇಲೆ ಹಿಡಿಯಿರಿ.

ಎಷ್ಟು ಬಿಸಿ ತೊಂದರೆ ಎಂಬುದಕ್ಕೂ ಲೆಕ್ಕವಿದೆ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿ ಚಿಲ್ಲರೆಗೇ ಕುದಿಯುತ್ತದೆ. ಒತ್ತಡ ಹಿಡಿದಿಡುವ ರೇಡಿಯೇಟರ್ ಕ್ಯಾಪ್ 0.5 ಬಾರ್ ಇದ್ದರೆ ಬರೀ ನೀರು 110ರ ಹತ್ತಿರ, 0.9 ಬಾರ್ ಇದ್ದರೆ 117ರ ಹತ್ತಿರ ಕುದಿಯುತ್ತದೆ. ಕೂಲೆಂಟ್ ಬೆರೆತರೆ ಇನ್ನೂ ಕೆಲವು ಡಿಗ್ರಿ ಮೇಲೆ. 82ರ ಥರ್ಮೋಸ್ಟಾಟ್ ಇರುವ ಎಂಜಿನ್ ಚಾಮುಂಡಿ ಬೆಟ್ಟದ ತಿರುವುಗಳಲ್ಲಿ 100 ಮುಟ್ಟಿ, ಮೇಲೆ ಸಮತಟ್ಟಿಗೆ ಬಂದೊಡನೆ ಇಳಿದರೆ ಅದು ದೋಷವಲ್ಲ. ಎಂಜಿನ್ ಆಫ್ ಮಾಡಿದ ಮೇಲೆ ಐದು ನಿಮಿಷ ಮುಳ್ಳು ಏರುವುದೂ ದೋಷವಲ್ಲ. ನೀರು ನಿಂತಿದೆ, ಕಬ್ಬಿಣದ ಶಾಖ ಅದಕ್ಕೆ ಇಳಿಯುತ್ತಿದೆ ಅಷ್ಟೆ. ಬಿಸಿ ಇರುವಾಗ ಕ್ಯಾಪ್ ಮಾತ್ರ ತೆಗೆಯಬೇಡಿ. ಮೇಲಿನ ಹೋಸ್ ಹಿಚುಕಿದರೆ ಮೆತ್ತಗಾಗಿರಬೇಕು, ಆಮೇಲೆ ತೆಗೆಯಿರಿ.

ಯಾವಾಗ ಹೀಟ್ ಆಗುತ್ತದೆ

ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ದೇವರಾಜ ಅರಸು ರಸ್ತೆಯ ಟ್ರಾಫಿಕ್‌ನಲ್ಲಿ ಏರಿ, ರಿಂಗ್ ರೋಡಿಗೆ ಬಂದು 60 ಹಿಡಿದೊಡನೆ ಇಳಿದರೆ ಗಾಳಿ ಸಾಲದು: ಫ್ಯಾನ್, ಶ್ರೌಡ್ (ಫ್ಯಾನ್ ಸುತ್ತಲಿನ ಹೊದಿಕೆ), ವೈರಿಂಗ್. ಊರಲ್ಲಿ ಸುಮ್ಮನಿದ್ದು ಎಕ್ಸ್‌ಪ್ರೆಸ್‌ವೇಯಲ್ಲಿ 90 ದಾಟಿದ ಮೇಲೆ ನಿಧಾನವಾಗಿ ಏರಿದರೆ ನೀರಿನ ಹರಿವು, ಕೋರಿನ (ರೇಡಿಯೇಟರಿನ ಕೊಳವೆ ಮತ್ತು ಜಾಲರಿಯ ಭಾಗ) ಸಾಮರ್ಥ್ಯ, ಇಲ್ಲವೇ ಎಂಜಿನ್ ಅತಿಯಾಗಿ ಶಾಖ ಹುಟ್ಟಿಸುವುದು. ಸ್ಟಾರ್ಟ್ ಮಾಡಿದ ಐದಾರು ನಿಮಿಷಕ್ಕೇ ಏರಿ, ಹೀಟರ್‌ನಿಂದ ತಣ್ಣನೆ ಗಾಳಿ ಬಂದರೆ ಏರ್ ಲಾಕ್, ಅಂದರೆ ನೀರಿನ ದಾರಿಯಲ್ಲಿ ಗಾಳಿ ಸಿಕ್ಕಿಕೊಂಡಿದೆ. ಸೋರಿಕೆ ಕಾಣದೆ ನೀರು ಕಡಿಮೆಯಾಗುತ್ತಿದ್ದು, ತಣ್ಣಗಿರುವಾಗ ಸ್ಟಾರ್ಟ್ ಮಾಡಿದ ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಬಿಗಿಯಾದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಆಗ ಮುಂದಿನದ್ದೆಲ್ಲ ಬಿಟ್ಟು ಮೊದಲು ಬ್ಲಾಕ್ ಟೆಸ್ಟ್ ಮಾಡಿಸಿ: ಫಿಲ್ಲರ್ ಬಾಯಿಗೆ ಹಿಡಿದ ನೀಲಿ ದ್ರಾವಣ ಹಳದಿಗೆ ತಿರುಗಿದರೆ ಸುಟ್ಟ ಗ್ಯಾಸ್ ನೀರಿಗೆ ಸೇರುತ್ತಿದೆ. ಗುಜರಿಯಿಂದ ತಂದ ಎಂಜಿನ್ ಆಗಿದ್ದರೆ ಈ ಪರೀಕ್ಷೆಯನ್ನು ಕೂರಿಸುವ ಮುಂಚೆಯೇ ಮಾಡಿಸಿರಬೇಕಿತ್ತು.

ತಿಂಗಳೂ ಲೆಕ್ಕಕ್ಕೆ ಬರುತ್ತದೆ. ರೇಡಿಯೇಟರ್ ಕೆಲಸ ಮಾಡುವುದು ನೀರಿಗೂ ಗಾಳಿಗೂ ಇರುವ ತಾಪದ ಅಂತರದ ಮೇಲೆ. ನೀರು 90, ಗಾಳಿ 25 ಇದ್ದಾಗ ಅಂತರ 65. ಗಾಳಿ 35 ಆದರೆ 55. ಅದೇ ರೇಡಿಯೇಟರ್ ಸುಮಾರು 15 ಶೇಕಡ ಸಾಮರ್ಥ್ಯ ಕಳೆದುಕೊಂಡಿತು. ಸಂಕ್ರಾಂತಿಯಲ್ಲಿ ಪರೀಕ್ಷೆ ಮಾಡಿ ಸರಿಯಿದೆ ಎಂದುಕೊಂಡ ಗಾಡಿ ಯುಗಾದಿ ಹೊತ್ತಿಗೆ ಕೈಕೊಡುವುದು ಇದಕ್ಕೇ.

ಎರಡು ಅಳತೆಗಳು

ಈ ಬರಹದಲ್ಲಿ ಬೇರೇನನ್ನು ಬಿಟ್ಟರೂ ಇದನ್ನು ಬಿಡಬೇಡಿ. ಥರ್ಮೋಸ್ಟಾಟ್ ಪೂರ್ತಿ ತೆರೆದು, ಗಾಡಿ ಹೀಟ್ ಆಗುತ್ತಿರುವಾಗಲೇ ರೇಡಿಯೇಟರ್‌ಗೆ ನೀರು ಒಳಬರುವ ಕತ್ತಿನಲ್ಲೂ ಹೊರಹೋಗುವ ಕತ್ತಿನಲ್ಲೂ ತಾಪ ನೋಡಿ. ಹೆದ್ದಾರಿಯಲ್ಲಷ್ಟೇ ಕಾಣುವ ದೋಷವಾದರೆ ಎರಡು ಪ್ರೋಬ್ ಕಟ್ಟಿ, ವೈರನ್ನು ಒಳಗೆ ತಂದು, ಪಕ್ಕದಲ್ಲಿ ಕೂತವರು ಬರೆದುಕೊಳ್ಳಬೇಕು.

ಸರಿಯಾದ ವ್ಯವಸ್ಥೆಯಲ್ಲಿ ಅಂತರ 5ರಿಂದ 10 ಡಿಗ್ರಿ. ಲೆಕ್ಕ ಹೀಗೆ: ನಿಮಿಷಕ್ಕೆ 60 ಲೀಟರ್ ನೀರು ಹರಿದು 30 ಕಿಲೋವ್ಯಾಟ್ ಶಾಖ ಬಿಟ್ಟರೆ ನೀರು ತಣ್ಣಗಾಗುವುದು ಸುಮಾರು 7 ಡಿಗ್ರಿ. ಅಂತರ 15–20 ಬಂದರೆ ರೇಡಿಯೇಟರ್ ತನಗೆ ಸಿಕ್ಕ ನೀರನ್ನು ಚೆನ್ನಾಗಿಯೇ ತಣಿಸುತ್ತಿದೆ, ಆದರೆ ನೀರು ಸಿಗುತ್ತಿರುವುದೇ ಕಡಿಮೆ. ಇಲ್ಲಿ ದೊಡ್ಡ ರೇಡಿಯೇಟರ್ ಹಾಕುವುದು ದುಡ್ಡು ದಂಡ. ಅಂತರ 2–3 ಮಾತ್ರ ಇದ್ದರೆ ನೀರು ಓಡುತ್ತಿದೆ, ಶಾಖ ಬಿಡುತ್ತಿಲ್ಲ. 6–10 ಇದ್ದೂ ತಾಪ ಏರುತ್ತಲೇ ಇದ್ದರೆ ಆಗ ನಿಜವಾಗಿ ಕೋರ್ ಸಾಲದು, ಇಲ್ಲವೇ ಎಂಜಿನ್ ಜಾಸ್ತಿ ಶಾಖ ಮಾಡುತ್ತಿದೆ.

ಶಾಖ ಬಿಡುತ್ತಿಲ್ಲ ಎಂದಾದರೆ ಎರಡನೆಯ ಅಳತೆ: ಕೋರಿನ ಹಿಂದೆ, ಫ್ಯಾನಿಗೆ ತಾಗದಂತೆ, ಹೊರಬರುವ ಗಾಳಿಯ ತಾಪ. ಗಾಳಿ ನೀರಿನಷ್ಟೇ ಬಿಸಿಯಾಗಿ ಬರುತ್ತಿದ್ದರೆ (ನೀರು 98, ಗಾಳಿ 90) ಕೋರ್ ಸರಿಯಿದೆ, ಗಾಳಿ ಸಾಲದು. ಗಾಳಿ ಜೋರಾಗಿ ಬರುತ್ತಿದ್ದೂ 50–55 ಮಾತ್ರ ಇದ್ದರೆ ಕೋರ್ ಕೆಟ್ಟಿದೆ: ಹಳೇ ತಾಮ್ರದ ಕೋರುಗಳಲ್ಲಿ ಜಾಲರಿಗೂ ಕೊಳವೆಗೂ ನಡುವಿನ ಬೆಸುಗೆ ಬಿಟ್ಟಿರುತ್ತದೆ, ಇಲ್ಲವೇ ಕೊಳವೆ ಒಳಗೆ ಸುಣ್ಣ ಕಟ್ಟಿರುತ್ತದೆ. ಬೋರ್‌ವೆಲ್ ನೀರು ತುಂಬಿಸಿಕೊಂಡು ಬಂದ ಗಾಡಿಗಳಲ್ಲಿ ಇದು ಮಾಮೂಲು. ಬೆರಳಿನಿಂದ ಜಾಲರಿ ಉಜ್ಜಿದಾಗ ಪುಡಿಯಾಗಿ ಉದುರಿದರೆ ಬೇರೆ ಪರೀಕ್ಷೆ ಬೇಡ.

ನೀರಿನ ಕಡೆಯ ದೋಷಗಳು

ಎಂಜಿನ್ ಬದಲಾವಣೆಯಲ್ಲಿ ಅತಿ ಹೆಚ್ಚು ತಪ್ಪುವುದು ಎತ್ತರ. ಹಳೇ ಸ್ಪೋರ್ಟ್ಸ್ ಕಾರಿನ ಬಾನೆಟ್ ತಗ್ಗು, ರೇಡಿಯೇಟರ್ ಕುಳ್ಳು. ಹೊಸ ಎಂಜಿನ್ನಿನ ಥರ್ಮೋಸ್ಟಾಟ್ ಹೌಸಿಂಗ್ ರೇಡಿಯೇಟರ್ ಬಾಯಿಗಿಂತ ಎತ್ತರದಲ್ಲಿ ಕೂತರೆ ಗಾಳಿ ಹೆಡ್ಡಿನಲ್ಲೇ ಉಳಿಯುತ್ತದೆ, ಎಷ್ಟು ಸಲ ಟಾಪ್ ಅಪ್ ಮಾಡಿದರೂ ಹೋಗುವುದಿಲ್ಲ. ಬಲ್ಕ್‌ಹೆಡ್ (ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆ) ಹತ್ತಿರ, ಎಲ್ಲಕ್ಕಿಂತ ಎತ್ತರದಲ್ಲಿ, ಒಂದು ಲೀಟರಿನಷ್ಟು ಹೆಡರ್ ಟ್ಯಾಂಕ್ ಇಟ್ಟು ಪ್ರೆಷರ್ ಕ್ಯಾಪನ್ನು ಅದಕ್ಕೇ ಕೊಡಿ. ಅದರ ತಳದಿಂದ 19 ಮಿ.ಮೀ. ಹೋಸ್ ಪಂಪಿನ ಹೀರುವ ಬದಿಗೆ ಹೋಗಲಿ. ಹೆಡ್ಡಿನ ಎತ್ತರದ ತುದಿಯಿಂದಲೂ ರೇಡಿಯೇಟರ್ ಮೇಲ್ತುದಿಯಿಂದಲೂ 6–8 ಮಿ.ಮೀ. ಸಣ್ಣ ಹೋಸುಗಳು ಟ್ಯಾಂಕಿನ ಮೇಲ್ಭಾಗಕ್ಕೆ ಬರಲಿ, ಒಳಗೆ ಸುಮಾರು 3 ಮಿ.ಮೀ. ರಂಧ್ರದ ತಡೆ ಇರಲಿ. ತಡೆ ಇಲ್ಲದಿದ್ದರೆ ನೀರು ರೇಡಿಯೇಟರ್ ತಪ್ಪಿಸಿ ಇದೇ ಅಡ್ಡದಾರಿ ಹಿಡಿಯುತ್ತದೆ. ಹೆಡರ್ ಟ್ಯಾಂಕ್ ಇಟ್ಟ ಮೇಲೆ ರೇಡಿಯೇಟರ್‌ನ ಮೂಲ ಬಾಯಿಗೆ ಪ್ರೆಷರ್ ಕ್ಯಾಪ್ ಬೇಡ, ಬರೀ ಮುಚ್ಚಳ ಸಾಕು.

ನೀರು ಪಕ್ಕದಿಂದ ಪಕ್ಕಕ್ಕೆ ಹೋಗುವ ಅಡ್ಡ ಹರಿವಿನ ರೇಡಿಯೇಟರ್‌ನಲ್ಲೇ ಕ್ಯಾಪ್ ಇರುವುದಾದರೆ ಅದು ನೀರು ಹೊರಹೋಗುವ ಬದಿಯ ಟ್ಯಾಂಕ್ ಮೇಲಿರಬೇಕು. ಒಳಬರುವ ಬದಿಯಲ್ಲಿದ್ದರೆ ಜೋರು ಆರ್‌ಪಿಎಂನಲ್ಲಿ ಪಂಪಿನ ಒತ್ತಡವೂ ಸೇರಿ ಕ್ಯಾಪ್ ಅಕಾಲದಲ್ಲಿ ತೆರೆಯುತ್ತದೆ. ಕ್ಯಾಪಿನ ಆಳವನ್ನೂ ನೋಡಿ. ಹಳೇ ಬ್ರಿಟಿಷ್ ಫಿಲ್ಲರ್ ಕತ್ತುಗಳಲ್ಲಿ ಸುಮಾರು 25 ಮಿ.ಮೀ. ಆಳದವು ಇವೆ, ಈಗ ಅಂಗಡಿಯಲ್ಲಿ ಸಿಗುವ 19 ಮಿ.ಮೀ. ಕ್ಯಾಪ್ ಅದರಲ್ಲಿ ತಿರುಗಿ ಬಿಗಿಯಾಗುತ್ತದೆ, ಸೀಲ್ ಮಾತ್ರ ಕೂರುವುದಿಲ್ಲ. ಒತ್ತಡವೇ ಇಲ್ಲದ ವ್ಯವಸ್ಥೆ ಇಲ್ಲಿ 97ಕ್ಕೆ ಕುದಿಯುತ್ತದೆ. ಹಾಗೆಂದು ಹಳೇ ತಾಮ್ರದ ರೇಡಿಯೇಟರ್‌ಗೆ ಏಕಾಏಕಿ 1.1 ಬಾರ್ ಕ್ಯಾಪ್ ಹಾಕಿದರೆ ಟ್ಯಾಂಕಿನ ಬೆಸುಗೆ ಬಿಡುತ್ತದೆ. ತಣ್ಣಗಿರುವಾಗ ಕೈಪಂಪಿನಿಂದ ಕ್ಯಾಪಿನಷ್ಟು ಒತ್ತಡ ಕೊಟ್ಟು ಹತ್ತು ನಿಮಿಷ ನಿಲ್ಲುತ್ತದೆಯೇ ನೋಡಿ, ಆಮೇಲೆ ಹಾಕಿ.

ಪಂಪು ತಿರುಗುವ ದಿಕ್ಕು ಯಾರೂ ನೋಡದ ಸಂಗತಿ. ಆಲ್ಟರ್ನೇಟರ್ ಜಾಗ ಬದಲಿಸಿ ಬೆಲ್ಟನ್ನು ಬೇರೆ ದಾರಿಯಲ್ಲಿ ಸುತ್ತಿದಾಗ ಬೆಲ್ಟಿನ ಬೆನ್ನಿನ ಬದಿ ಪಂಪ್ ಪುಲ್ಲಿಗೆ ಬಂದರೆ ಪಂಪು ಉಲ್ಟಾ ತಿರುಗುತ್ತದೆ. ಉಲ್ಟಾ ತಿರುಗಿದ ಸೆಂಟ್ರಿಫ್ಯೂಗಲ್ ಪಂಪು ಅದೇ ದಿಕ್ಕಿಗೆ ನೀರು ತಳ್ಳುತ್ತದೆ, ತುಂಬ ಕಡಿಮೆ ತಳ್ಳುತ್ತದೆ. ಹಾಗಾಗಿ ಐಡಲ್‌ನಲ್ಲಿ ಸರಿ, ಹೆದ್ದಾರಿಯಲ್ಲಿ ಹೀಟ್. ರೇಡಿಯೇಟರ್ ಚಿಕ್ಕದಾಯಿತು ಎಂದು ನಂಬಿಸುವ ಲಕ್ಷಣವೇ ಅದು. ಕೆಳಗಿನ ಹೋಸ್‌ನದ್ದೂ ಅದೇ ಕಥೆ. ಬಾನೆಟ್ ಎತ್ತಿ 3000 ಆರ್‌ಪಿಎಂಗೆ ಏರಿಸಿ ನೋಡಿ: ಹೋಸ್ ಚಪ್ಪಟೆಯಾದರೆ ಒಳಗೆ ಸ್ಪ್ರಿಂಗ್ ಬೇಕು. ಎರಡು ಮೂರು ತುಂಡು ಹೋಸ್ ಜೋಡಿಸಿ ದಾರಿ ಮಾಡಿದ್ದರೆ ಜೋಡಣೆಯ ಪೈಪಿನ ಒಳವ್ಯಾಸ ಎಲ್ಲೂ ಪಂಪಿನ ಕತ್ತಿಗಿಂತ ಕಡಿಮೆಯಾಗಬಾರದು.

ಥರ್ಮೋಸ್ಟಾಟ್ ತೆಗೆದು ಬಿಸಾಡುವುದು ನಮ್ಮ ಕಡೆ ಹಳೇ ವೈದ್ಯ. ಬೈಪಾಸನ್ನು ಥರ್ಮೋಸ್ಟಾಟೇ ಮುಚ್ಚುವ ಎಂಜಿನ್‌ಗಳಲ್ಲಿ ಅದನ್ನು ತೆಗೆದರೆ ಬೈಪಾಸ್ ಸದಾ ತೆರೆದಿರುತ್ತದೆ, ನೀರಿನ ಒಂದು ಪಾಲು ರೇಡಿಯೇಟರ್ ನೋಡದೆ ತಿರುಗುತ್ತದೆ, ಹೀಟ್ ಇನ್ನೂ ಜಾಸ್ತಿ. ಬಾಣಲೆಯಲ್ಲಿ ನೀರು ಕಾಯಿಸಿ ಪರೀಕ್ಷಿಸುವವರಿಗೆ ಒಂದು ಮಾತು: 88ರ ಥರ್ಮೋಸ್ಟಾಟ್ ತೆರೆಯಲು ಶುರುವಾಗುವುದು 88ಕ್ಕೆ, ಪೂರ್ತಿ ತೆರೆಯುವುದು ಅದಕ್ಕಿಂತ 12–15 ಡಿಗ್ರಿ ಮೇಲೆ. ಮೈಸೂರಿನ ಬಾಣಲೆ ಅಷ್ಟು ಬಿಸಿಯಾಗುವುದೇ ಇಲ್ಲ. ಅರೆಬರೆ ತೆರೆದದ್ದನ್ನು ಕೆಟ್ಟಿದೆ ಎಂದು ಎಸೆಯಬೇಡಿ.

ಗಾಳಿಯ ಕಡೆ

1973ರಲ್ಲಿ ಬ್ರಿಟನ್ನಿನ ಎಂಜಿ ಕಂಪನಿ ತಾನೇ ತನ್ನ ಎಂಜಿಬಿ ಜಿಟಿ ಸ್ಪೋರ್ಟ್ಸ್ ಕಾರಿಗೆ 3528 ಸಿಸಿ ರೋವರ್ ವಿ8 ಕೂರಿಸಿದಾಗ ರೇಡಿಯೇಟರನ್ನು ಮುಂದಕ್ಕೆ ಸರಿಸಿ ಎರಡು ಎಲೆಕ್ಟ್ರಿಕ್ ಫ್ಯಾನ್ ಕೊಟ್ಟಿತು. ಕಾರ್ಖಾನೆಯವರೂ ಜಾಗ ಮತ್ತು ಗಾಳಿಯನ್ನು ಒಟ್ಟಿಗೇ ಯೋಚಿಸಬೇಕಾಯಿತು.

ಗ್ರಿಲ್ಲಿನಿಂದ ಬಂದ ಗಾಳಿಗೆ ರೇಡಿಯೇಟರ್ ಸುತ್ತ ಸಂದು ಸಿಕ್ಕರೆ ಅಲ್ಲೇ ನುಸುಳುತ್ತದೆ, ಕೋರಿನೊಳಗೆ ಹೋಗುವುದಿಲ್ಲ. ಪಕ್ಕ, ಮೇಲೆ, ಕೆಳಗೆ ಅಲ್ಯೂಮಿನಿಯಂ ತಗಡು ಮತ್ತು ಫೋಮ್ ಪಟ್ಟಿಯಿಂದ ಮುಚ್ಚಿ. ಇದು ಕೆಲವು ನೂರು ರೂಪಾಯಿ ಕೆಲಸ, ಹೆದ್ದಾರಿಯ ತಾಪದಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಹೆರಾಲ್ಡ್, ಸ್ಪಿಟ್‌ಫೈರ್‌ಗಳಂತೆ ಬಾನೆಟ್ ಇಡಿಯಾಗಿ ಮುಂದಕ್ಕೆ ಮಗುಚುವ ಗಾಡಿಯಲ್ಲಿ ಮೇಲಿನ ಪಟ್ಟಿ ಬಾನೆಟ್ ಮುಚ್ಚಿದಾಗ ಕೂರುತ್ತದೆಯೇ ಎಂದು ಗಮನಿಸಿ.

ಶ್ರೌಡ್ ಇಲ್ಲದ 14 ಇಂಚಿನ ಫ್ಯಾನ್ ತನ್ನ ವೃತ್ತದ ಎದುರಿನ ಕೋರಿನಿಂದಷ್ಟೇ ಗಾಳಿ ಎಳೆಯುತ್ತದೆ, ಮೂಲೆಗಳು ಸುಮ್ಮನಿರುತ್ತವೆ. ಶ್ರೌಡ್ ಪೂರ್ತಿ ಕೋರನ್ನು ಮುಚ್ಚಬೇಕು. ಎಂಜಿನ್ನಿನಿಂದ ತಿರುಗುವ ಫ್ಯಾನಾದರೆ ರೆಕ್ಕೆ ಅರ್ಧ ಶ್ರೌಡಿನೊಳಗೆ, ಅರ್ಧ ಹೊರಗೆ. ಎಲೆಕ್ಟ್ರಿಕ್ ಫ್ಯಾನಿನ ಎರಡು ವೈರ್ ಅದಲುಬದಲಾದರೆ ಗಾಳಿ ಮುಂದಕ್ಕೆ ತಳ್ಳುತ್ತದೆ; ಒಂದು ಕಾಗದದ ಹಾಳೆ ಗ್ರಿಲ್ಲಿಗೆ ಹಿಡಿದರೆ ಗೊತ್ತಾಗುತ್ತದೆ, ಅಂಟಿಕೊಂಡರೆ ಸರಿ. ಫ್ಯಾನ್ ಸ್ವಿಚ್ 92ಕ್ಕೆ ಆನ್, 87ಕ್ಕೆ ಆಫ್ ಆಗುವುದು 82ರ ಥರ್ಮೋಸ್ಟಾಟ್‌ಗೆ ಹೊಂದುತ್ತದೆ. ಸ್ವಿಚ್ಚಿನ ತಾಪ ಥರ್ಮೋಸ್ಟಾಟ್‌ಗಿಂತ ಕೆಳಗಿದ್ದರೆ ಫ್ಯಾನ್ ನಿಲ್ಲುವುದೇ ಇಲ್ಲ.

ಕರೆಂಟ್ ಮರೆಯಬೇಡಿ. ಇಂಥ ಫ್ಯಾನ್ 12–18 ಆಂಪಿಯರ್ ಎಳೆಯುತ್ತದೆ. ಹಳೇ ಲೂಕಸ್ ಸಿ40 ಡೈನಮೋ ಪೂರ್ತಿ ಕೊಡುವುದೇ 22 ಆಂಪಿಯರ್, ಐಡಲ್‌ನಲ್ಲಿ ಅದೂ ಇಲ್ಲ. ಹೊಸ ಎಂಜಿನ್ನಿನ ಆಲ್ಟರ್ನೇಟರನ್ನೇ ಉಳಿಸಿಕೊಳ್ಳಿ. 30 ಆಂಪಿಯರ್ ರಿಲೇ, ಪ್ರತ್ಯೇಕ ಫ್ಯೂಸ್, 4 ಚದರ ಮಿ.ಮೀ. ವೈರ್. ಐಡಲ್‌ನಲ್ಲಿ ಫ್ಯಾನ್ ತಿರುಗುತ್ತಿರುವಾಗ ಅದರ ಕನೆಕ್ಟರ್‌ನಲ್ಲೇ ವೋಲ್ಟ್ ನೋಡಿ. 13ರ ಮೇಲೆ ಇರಬೇಕು. 11 ಇದ್ದರೆ ಫ್ಯಾನ್ ಬದಲಿಸುವುದಲ್ಲ, ಅರ್ತ್ ಮತ್ತು ವೈರ್ ನೋಡುವುದು.

ಇನ್ನು ನಮ್ಮ ರಸ್ತೆಗಳದ್ದೇ ಒಂದು ಕಾಟ. ಸುಗ್ಗಿಯಲ್ಲಿ ಮಂಡ್ಯದ ಹಳ್ಳಿ ರಸ್ತೆಗಳ ಮೇಲೆ ರಾಗಿ, ಹುರುಳಿ ಒಕ್ಕಣೆಗೆ ಹರಡಿರುತ್ತಾರೆ. ತಗ್ಗಿನ ಕಾರು ಅದರ ಮೇಲೆ ಹೋದರೆ ಹುಲ್ಲು, ಹೊಟ್ಟು ಕೋರಿನ ಕೆಳಗಿನ ಭಾಗಕ್ಕೆ ಮೆತ್ತಿಕೊಳ್ಳುತ್ತದೆ. ಸೈಲೆನ್ಸರ್‌ಗೆ ಸುತ್ತಿಕೊಂಡರೆ ಬೆಂಕಿಯೂ ಹತ್ತಬಹುದು, ತಕ್ಷಣ ಬಗ್ಗಿ ನೋಡಿ. ಕೋರನ್ನು ಎಂಜಿನ್ ಬದಿಯಿಂದ ಮುಂದಕ್ಕೆ, ಕಡಿಮೆ ಒತ್ತಡದ ನೀರಿನಿಂದ ತೊಳೆಯಿರಿ. ಪ್ರೆಷರ್ ವಾಶ್ ಗನ್ ಹತ್ತಿರ ಹಿಡಿದರೆ ಜಾಲರಿ ಮಲಗಿಬಿಡುತ್ತದೆ.

ಎಂಜಿನ್ನೇ ಶಾಖ ಹೆಚ್ಚಿಸುತ್ತಿದ್ದರೆ

ಇಗ್ನಿಷನ್ ಟೈಮಿಂಗ್ ಹಿಂದುಳಿದರೆ ಉರಿ ಎಕ್ಸಾಸ್ಟ್ ಪೋರ್ಟಿನಲ್ಲಿ ಮುಗಿಯುತ್ತದೆ, ಹೆಡ್ಡಿನ ನೀರು ಕಾಯುತ್ತದೆ. ಕಾರ್ಬ್ಯುರೇಟರ್ ಎಂಜಿನ್ ಕೂರಿಸುವಾಗ, ಟೈಮಿಂಗ್ ಮುಂದಕ್ಕೆ ತರುವ ವ್ಯಾಕ್ಯೂಮ್ ಅಡ್ವಾನ್ಸ್ ಪೈಪ್ ಜೋಡಿಸದೆ ಬಿಡುವುದು ಸಾಮಾನ್ಯ. ಪೆಟ್ರೋಲ್ ಕಡಿಮೆಯಾಗಿ ಮಿಶ್ರಣ ತೆಳುವಾದರೂ ಹೀಗೇ. ಬ್ರೇಕ್ ಹಿಡಿದುಕೊಂಡಿದ್ದರೂ ಎಂಜಿನ್ ಹೆಚ್ಚು ದುಡಿಯಬೇಕಾಗುತ್ತದೆ; ಅದಕ್ಕೆ ನಾಲ್ಕೂ ಚಕ್ರ ಎತ್ತಿ ತಿರುಗಿಸಿ ನೋಡುವುದಕ್ಕೆ ಹತ್ತು ನಿಮಿಷ ಸಾಕು.

ಇಷ್ಟಾದ ಮೇಲೂ ಕೋರ್ ಸಾಲದಿದ್ದರೆ

ಮೊದಲ ಆಯ್ಕೆ ಆ ಎಂಜಿನ್ ಬಂದ ಗಾಡಿಯದೇ, ಎಸಿ ಇದ್ದ ಮಾದರಿಯ ರೇಡಿಯೇಟರ್. ಅದರ ಕೋರಿನ ಉದ್ದ ಅಗಲ ಅಳೆದು, ಹೊಸದರ ಮುಖದ ವಿಸ್ತೀರ್ಣ ಅದಕ್ಕಿಂತ ಕಡಿಮೆಯಾಗದಂತೆ ನೋಡಿ. ವಿಸ್ತೀರ್ಣ ಸಿಗದಿದ್ದಾಗ ಮಾತ್ರ ದಪ್ಪಕ್ಕೆ ಹೋಗಿ. ದಪ್ಪ ಕೋರಿನ ಹಿಂದಿನ ಸಾಲುಗಳಿಗೆ ಸಿಗುವುದು ಮುಂದಿನ ಸಾಲು ಬಿಸಿ ಮಾಡಿದ ಗಾಳಿ, ಮೇಲಾಗಿ ಫ್ಯಾನಿಗೆ ಎಳೆಯುವ ಶ್ರಮ ಹೆಚ್ಚು. 50 ಮಿ.ಮೀ. ದಾಟಿದ ಮೇಲೆ ಪ್ರಯೋಜನ ಅಲ್ಪ ಎಂಬುದು ನಮ್ಮ ಅಭಿಪ್ರಾಯ. ಸಾಲುಗಳ ಎಣಿಕೆಯನ್ನೂ ನಂಬಬೇಡಿ: ಒಂದಿಂಚು ಅಗಲದ ಕೊಳವೆಯ ಎರಡು ಸಾಲಿನ ಅಲ್ಯೂಮಿನಿಯಂ ಕೋರ್, ಅರ್ಧ ಇಂಚಿನ ನಾಲ್ಕು ಸಾಲಿನ ತಾಮ್ರದ್ದಕ್ಕೆ ಹಿಂದುಳಿಯುವುದಿಲ್ಲ.

ತಾಮ್ರವೋ ಅಲ್ಯೂಮಿನಿಯಮ್ಮೋ? ಮೂಲ ನೋಟ ಉಳಿಯಬೇಕಿದ್ದರೆ ಹಳೇ ಹಿತ್ತಾಳೆ ಟ್ಯಾಂಕುಗಳನ್ನೇ ಇಟ್ಟು ಹೊಸ ಕೋರ್ ಕಟ್ಟಿಸಿ. ದಾರಿಯಲ್ಲಿ ಸೋರಿದರೆ ಯಾವ ಊರಿನಲ್ಲೂ ಬೆಸುಗೆ ಹಾಕುವವರು ಸಿಗುತ್ತಾರೆ. ಅಲ್ಯೂಮಿನಿಯಂ ಹಗುರ, ಅದೇ ಜಾಗದಲ್ಲಿ ಹೆಚ್ಚು ಕೆಲಸ, ಆದರೆ ಒಡೆದರೆ ಟಿಗ್ ವೆಲ್ಡಿಂಗ್ ಬೇಕು. ಅದನ್ನು ರಬ್ಬರ್ ಬುಷ್ ಮೇಲೆಯೇ ಕೂರಿಸಿ. ಹೆರಾಲ್ಡ್‌ನಂಥ ಚಾಸಿ ತಿರುಚಿಕೊಳ್ಳುತ್ತದೆ, ಬಿಗಿಯಾಗಿ ಬೋಲ್ಟ್ ಮಾಡಿದರೆ ಟ್ಯಾಂಕ್ ಮೂಲೆಯಲ್ಲಿ ಸೀಳು ಬರುತ್ತದೆ. ಎಲೆಕ್ಟ್ರಿಕ್ ಫ್ಯಾನಿನ ಅರ್ತನ್ನು ರೇಡಿಯೇಟರ್‌ಗೆ ಕೊಡಬೇಡಿ. ಮಲ್ಟಿಮೀಟರ್‌ನ ಒಂದು ತುದಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಕೂಲೆಂಟ್‌ನಲ್ಲಿ ಅದ್ದಿ, ಎಲ್ಲ ಸ್ವಿಚ್ ಆನ್ ಮಾಡಿ ನೋಡಿ: 0.1 ವೋಲ್ಟ್ ಒಳಗಿದ್ದರೆ ಸರಿ, 0.3 ದಾಟಿದರೆ ಅಲ್ಯೂಮಿನಿಯಂ ಒಳಗಿನಿಂದ ಕೊರೆಯುತ್ತದೆ.

ಕೋರ್ ಕಟ್ಟಿಸಲು ಹೋಗುವಾಗ ಕಾಗದದ ಮೇಲೆ ಬರೆದುಕೊಂಡು ಹೋಗಿ: ಕೋರಿನ ಎತ್ತರ, ಅಗಲ, ಗರಿಷ್ಠ ದಪ್ಪ, ಪಂಪ್ ಪುಲ್ಲಿಯಿಂದ ಕೋರಿಗೆ ಉಳಿಯುವ ಜಾಗ, ಹೊಸ ಎಂಜಿನ್ನಿಗೆ ಹೊಂದುವ ಎರಡೂ ಕತ್ತಿನ ಹೊರವ್ಯಾಸ ಮತ್ತು ಕೋನ, ಫ್ಯಾನ್ ಸ್ವಿಚ್ಚಿನ ಥ್ರೆಡ್, ಡ್ರೈನ್ ಎಲ್ಲಿ. ಜಾಲರಿ ಇಂಚಿಗೆ 12–14 ಇರಲಿ. ಇನ್ನೂ ಒತ್ತಾಗಿದ್ದರೆ ಕಾಗದದ ಮೇಲೆ ಚೆನ್ನ, ಹೊಟ್ಟು ಧೂಳಿಗೆ ಬೇಗ ಕಟ್ಟುತ್ತದೆ. ಎಂಜಿನ್ ಬದಲಾವಣೆಗೆ ಆರ್‌ಟಿಒ ಒಪ್ಪಿಗೆ, ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ಇರಬೇಕು ಎಂಬುದನ್ನು ಬೇರೆ ಹೇಳಬೇಕಿಲ್ಲ.

ತುಂಬಿಸುವಾಗ ಮುಂದಿನ ಚಕ್ರಗಳನ್ನು ಎತ್ತರಕ್ಕೆ ಏರಿಸಿ, ಹೀಟರ್ ವಾಲ್ವ್ ತೆರೆದಿಡಿ, ಥರ್ಮೋಸ್ಟಾಟ್‌ನ ಗಾಳಿ ರಂಧ್ರ ಮೇಲ್ಮುಖವಾಗಿರಲಿ. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಚಳಿ ಇಲ್ಲ, ಅರ್ಧಕ್ಕರ್ಧ ಕೂಲೆಂಟ್ ಬೇಕಿಲ್ಲ. ಗ್ಲೈಕಾಲ್ ಹೆಚ್ಚಾದಷ್ಟೂ ಶಾಖ ಹೊರುವ ಶಕ್ತಿ ಕಡಿಮೆ, ತುಕ್ಕು ತಡೆಯಲು ಮೂರನೇ ಒಂದು ಪಾಲು ಸಾಕು. 6 ಲೀಟರ್ ವ್ಯವಸ್ಥೆಗೆ 2 ಲೀಟರ್ ಕಾನ್ಸಂಟ್ರೇಟ್, 4 ಲೀಟರ್ ಡಿಸ್ಟಿಲ್ಡ್ ವಾಟರ್. ರೆಡಿ-ಮಿಕ್ಸ್ ಡಬ್ಬಿಯಾದರೆ ನೀರು ಬೆರೆಸಬೇಡಿ.

ಪರೀಕ್ಷೆಗೆ ಏಪ್ರಿಲ್ ಮಧ್ಯಾಹ್ನ ಆರಿಸಿ. ನೆರಳಿಲ್ಲದ ಕಡೆ 20 ನಿಮಿಷ ಐಡಲ್, ಫ್ಯಾನ್ ಆನ್ ಆಗಿ ಆಫ್ ಆಗಬೇಕು. ಆಮೇಲೆ ಚಾಮುಂಡಿ ಬೆಟ್ಟ, ಎರಡನೇ ಗೇರಿನಲ್ಲಿ. ಕೊನೆಗೆ ಮಂಡ್ಯದವರೆಗೆ ಒಂದೇ ಸಮನೆ 90. ಮೂರರಲ್ಲೂ ಒಳಬರುವ, ಹೊರಹೋಗುವ ತಾಪ ಬರೆದಿಡಿ. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಹೋಸ್ ಕ್ಲಿಪ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿ, ಹೆಡರ್ ಟ್ಯಾಂಕಿನ ಮಟ್ಟ ನೋಡಿ. ಮೊದಲ ಸಲ ಒಂದು ಲೋಟದಷ್ಟು ಇಳಿದಿದ್ದರೆ ಗಾಳಿ ಹೊರಬಂದಿದೆ, ತುಂಬಿಸಿ. ಎರಡನೇ ಸಲವೂ ಇಳಿದರೆ ಸೋರಿಕೆ ಹುಡುಕಿ.